ಬಿಲ್ಲಿನ ಕೆಳಗೆ ಬರೆದ ಎರಡು ಪರ್ಸೆಂಟ್: ಒಂದು ಕಾರ್ಡ್ ಪಾವತಿಯ ಪೂರ್ತಿ ಲೆಕ್ಕ

ಮಾರಿದವರು ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಮೋಟರ್, ಸ್ಟಾರ್ಟರ್, ಪ್ಯಾನೆಲ್ ಬೋರ್ಡ್, ಕೇಬಲ್ ಇಟ್ಟುಕೊಂಡ ಅಂಗಡಿಯವರು. ಕೊಂಡವರು ತೀರ್ಥಹಳ್ಳಿ ಕಡೆಯ ಅಡಿಕೆ ಸಂಸ್ಕರಣ ಘಟಕದವರು. ತೋಟದ ಫಸಲನ್ನು ಖೇಣಿ, ಅಂದರೆ ಗುತ್ತಿಗೆ ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವುದು ಅವರ ಕಸುಬು. ಇಬ್ಬರಿಗೂ ಜಿಎಸ್‌ಟಿ ನೋಂದಣಿ ಇದೆ. ಇಲ್ಲಿ ಹೆಸರು ಬಿಟ್ಟಿದ್ದೇವೆ. ಇಂಥ ಹಲವು ವ್ಯವಹಾರಗಳಲ್ಲಿ ಕಾಣುವುದನ್ನು ಒಂದೇ ಪ್ರಕರಣವಾಗಿ ಕಟ್ಟಿದ್ದರಿಂದ ಬ್ಯಾಂಕಿನ ದರಗಳು ಉದಾಹರಣೆಗೆ ಹಿಡಿದವು. ಕಾನೂನು ಮತ್ತು ರಿಸರ್ವ್ ಬ್ಯಾಂಕಿನ ಮಿತಿಗಳು ಮಾತ್ರ ಇದ್ದದ್ದು ಇದ್ದಹಾಗೆ.

ನವೆಂಬರ್ 9ರಂದು ಡ್ರೈಯರಿನ ಬ್ಲೋವರ್ ಮೋಟರ್‌ಗಳು ಮತ್ತು ಒಂದು ಪ್ಯಾನೆಲ್ ಬೋರ್ಡಿಗೆ ಬಿಲ್ಲಾಯಿತು. ಸರಕಿನ ಬೆಲೆ 2,80,000, ಅದರ ಮೇಲೆ ಸಿಜಿಎಸ್‌ಟಿ 9% ಎಂದು 25,200, ಎಸ್‌ಜಿಎಸ್‌ಟಿ ಅಷ್ಟೇ. ಒಟ್ಟು 3,30,400 ರೂಪಾಯಿ. ಮಾಮೂಲಿನಂತೆ ಅರವತ್ತು ದಿನದ ಉದ್ರಿ ಕೇಳಿದಾಗ ಅಂಗಡಿಯವರು ಈ ಸಲ ಆಗುವುದಿಲ್ಲ ಎಂದರು. ಗಿರಾಕಿ ಜೇಬಿನಿಂದ ಬಿಸಿನೆಸ್ ಕ್ರೆಡಿಟ್ ಕಾರ್ಡ್ ತೆಗೆದರು. "ಗೌಡ್ರೇ, ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ, ಮಷಿನ್ ಚಾರ್ಜು." "ಆಯ್ತು ಮಾರಾಯ್ರೇ, ಹೊಡೀರಿ." ಪ್ರಿಂಟಾದ ಬಿಲ್ಲಿನ ಕೆಳಗೆ ಪೆನ್ನಿನಲ್ಲಿ 'ಕಾರ್ಡ್ ಚಾರ್ಜ್ 6,608' ಎಂದು ಬರೆದು ಯಂತ್ರದಲ್ಲಿ 3,37,008 ಒತ್ತಿದರು.

ಮಾತು ಮುಗಿದದ್ದು ಅರ್ಧ ನಿಮಿಷದಲ್ಲಿ. ತಿಂಗಳ ಕೊನೆಗೆ ಗಿರಾಕಿಯ ಲೆಕ್ಕಿಗರು 6,608ಕ್ಕೆ ಬಿಲ್ ಕೇಳಿದಾಗ ಒಂದೊಂದೇ ಎಳೆ ಬಿಚ್ಚಿಕೊಂಡಿತು.

ಎರಡು ಪರ್ಸೆಂಟ್ ಎಲ್ಲಿಂದ ಬಂತು

ಎಲ್ಲಿಂದಲೂ ಇಲ್ಲ. ಪೇಟೆಯಲ್ಲಿ ಎಲ್ಲರೂ ಹೇಳುವ ಸಂಖ್ಯೆ ಅದು, ಅಷ್ಟೆ. ಅಂಗಡಿಯವರಿಗೆ ನಿಜವಾಗಿ ತಗಲುವುದು ಎಂಡಿಆರ್, ಅಂದರೆ ಸ್ವೈಪಿಂಗ್ ಯಂತ್ರ ಕೊಟ್ಟ ಬ್ಯಾಂಕು ಪ್ರತಿ ವ್ಯವಹಾರದಲ್ಲಿ ಮುರಿದುಕೊಳ್ಳುವ ಶುಲ್ಕ. ಅದರ ದೊಡ್ಡ ಪಾಲು ಹೋಗುವುದು ಗಿರಾಕಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಉಳಿದದ್ದರಲ್ಲಿ ಕಾರ್ಡ್ ಜಾಲಕ್ಕೂ ಯಂತ್ರದ ಬ್ಯಾಂಕಿಗೂ ಪಾಲು.

ಇವರ ಒಪ್ಪಂದದ ಮೊದಲ ಪುಟದಲ್ಲಿ ಕ್ರೆಡಿಟ್ ಕಾರ್ಡಿಗೆ 1.75% ಎಂದಿತ್ತು. ಅಂಗಡಿಯವರು ನೆನಪಿಟ್ಟುಕೊಂಡದ್ದು ಅದನ್ನೇ. ಅದರ ಕೊನೆಗಿದ್ದ ಅನುಬಂಧದಲ್ಲಿ ಕಮರ್ಷಿಯಲ್ ಕಾರ್ಡಿಗೆ 2.1%, ವಿದೇಶಿ ಕಾರ್ಡಿಗೆ 3% ಎಂದು ಬೇರೆ ಸಾಲುಗಳಿದ್ದವು. ಕಂಪನಿ ಹೆಸರಿನ, ಬಿಸಿನೆಸ್ ಎಂದು ಅಚ್ಚಾದ ಕಾರ್ಡುಗಳೆಲ್ಲ ಸಾಮಾನ್ಯವಾಗಿ ಈ ದುಬಾರಿ ಸಾಲಿಗೇ ಬೀಳುತ್ತವೆ. ಸಗಟು ಬಿಲ್ಲಿಗೆ ಬರುವುದೂ ಅವೇ. ಕ್ರೆಡಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಗರಿಷ್ಠ ಮಿತಿ ಹಾಕಿಲ್ಲ, ಒಪ್ಪಂದದಲ್ಲಿ ಇದ್ದದ್ದೇ ದರ. ಚೌಕಾಸಿಗೂ ಅಲ್ಲೇ ಜಾಗ.

ಸರ್‌ಚಾರ್ಜ್, ಅಂದರೆ ಆ ಹೆಚ್ಚುವರಿ ಎರಡು ಪರ್ಸೆಂಟ್, ಹಾಕದೆ 3,30,400 ಮಾತ್ರ ಒತ್ತಿದ್ದರೆ ಹೀಗಾಗುತ್ತಿತ್ತು. 2.1% ಎಂಡಿಆರ್ 6,938.40, ಅದರ ಮೇಲೆ 18% ಜಿಎಸ್‌ಟಿ 1,248.91, ಒಟ್ಟು ಕಡಿತ 8,187.31. ಖಾತೆಗೆ ಬರುವುದು 3,22,212.69. ಜಿಎಸ್‌ಟಿ ಭಾಗ ಇನ್‌ಪುಟ್ ಕ್ರೆಡಿಟ್ಟಾಗಿ (ತಾವು ಸರ್ಕಾರಕ್ಕೆ ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಮೊತ್ತವಾಗಿ) ವಾಪಸು ಬರುವುದರಿಂದ ನಿಜವಾದ ಖರ್ಚು 6,938.40.

ಇಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಎಂಡಿಆರ್ ಮುರಿಯುವುದು ತೆರಿಗೆ ಸೇರಿದ ಮೊತ್ತದ ಮೇಲೆ. ಬಿಲ್ಲಿನಲ್ಲಿರುವ 50,400 ರೂಪಾಯಿ ಅಂಗಡಿಯವರದಲ್ಲ, ಸರ್ಕಾರದ್ದು. ಆದರೂ ಅದಕ್ಕೂ 2.1% ಕೊಡಬೇಕು. ಆದ್ದರಿಂದ ಸ್ವಂತ ಮಾರಾಟವಾದ 2,80,000ಕ್ಕೆ ಲೆಕ್ಕ ಹಾಕಿದರೆ ಖರ್ಚು 2.48%. ಮೋಟರ್ ವ್ಯಾಪಾರದಲ್ಲಿ ಮಾರ್ಜಿನ್ 8% ಎಂದು ಹಿಡಿಯಿರಿ, ಲಾಭ 22,400. ಅದರಲ್ಲಿ ಸುಮಾರು 31% ಕಾರ್ಡ್ ಯಂತ್ರಕ್ಕೆ ಹೋಯಿತು. ಎರಡು ಪರ್ಸೆಂಟ್ ಕೇಳಿದ್ದು ದುರಾಸೆಯಿಂದಲ್ಲ ಎಂಬುದಕ್ಕೆ ಇಷ್ಟು ಸಾಕು.

ಕೇಳಿಯೂ ನಷ್ಟ

3,37,008 ಒತ್ತಿದ್ದಕ್ಕೆ ಎಂಡಿಆರ್ 7,077.17. ಸರ್‌ಚಾರ್ಜಿನ ಮೇಲೂ ಎಂಡಿಆರ್ ಬೀಳುತ್ತದೆ ನೋಡಿ. ಅದು ಸಣ್ಣ ವ್ಯತ್ಯಾಸ. ದೊಡ್ಡದು ಜಿಎಸ್‌ಟಿಯದು.

ಸಿಜಿಎಸ್‌ಟಿ ಕಾಯ್ದೆಯ 15(2)(ಸಿ) ಕಲಮಿನ ಪ್ರಕಾರ, ಸರಕು ಕೊಡುವಾಗ ಮಾರುವವರು ಗಿರಾಕಿಯಿಂದ ವಸೂಲು ಮಾಡುವ ಕಮಿಷನ್, ಪ್ಯಾಕಿಂಗ್ ಮೊದಲಾದ ಆನುಷಂಗಿಕ ಖರ್ಚುಗಳೂ ಸರಕಿನ ಮೌಲ್ಯದ ಭಾಗವೇ. 'ಬ್ಯಾಂಕಿಗೆ ಕೊಡುವುದನ್ನು ಇಸಿದುಕೊಂಡೆ, ನನಗೇನೂ ಉಳಿಯಲಿಲ್ಲ' ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಬ್ಯಾಂಕು ಶುಲ್ಕ ಹಾಕಿದ್ದು ಅಂಗಡಿಗೆ, ಗಿರಾಕಿಗಲ್ಲ. ಹಾಗಾಗಿ ಮೋಟರಿಗೆ ಇದ್ದ 18% ಈ 6,608ಕ್ಕೂ ಅನ್ವಯ. ಬೇರೆ ತೆರಿಗೆ ತೋರಿಸದ ಕಾರಣ ಅದು ತೆರಿಗೆ ಒಳಗೊಂಡ ಮೊತ್ತ ಎಂದಾಗುತ್ತದೆ: 5,600 ಮೌಲ್ಯ, 1,008 ತೆರಿಗೆ. ಅಂಗಡಿಯವರ ಕೈಗೆ ನಿಂತದ್ದು 5,600, ಹೋದದ್ದು 7,077.17. ಎರಡು ಪರ್ಸೆಂಟ್ ಕೇಳಿಯೂ 1,477 ರೂಪಾಯಿ ಕಡಿಮೆ.

ಪೂರ್ತಿ ಖರ್ಚು ಹೊರಬರಬೇಕಿದ್ದರೆ ಎಷ್ಟು ಹಾಕಬೇಕಿತ್ತು? ಹಾಕುವ ಮೊತ್ತಕ್ಕೂ ತೆರಿಗೆ, ತೆರಿಗೆ ಸೇರಿದ್ದಕ್ಕೂ ಎಂಡಿಆರ್. ಆದ್ದರಿಂದ 6,938.40ನ್ನು 0.97522ರಿಂದ ಭಾಗಿಸಬೇಕು. 1ರಿಂದ 0.021 × 1.18 ಕಳೆದರೆ ಸಿಗುವ ಸಂಖ್ಯೆ ಅದು. ಉತ್ತರ 7,114.70, ತೆರಿಗೆ ಸೇರಿ 8,395.35. ನೋಂದಣಿ ಇರುವ ಗಿರಾಕಿಗೆ 1,280.65 ಕ್ರೆಡಿಟ್ ಸಿಗುತ್ತದೆ. ಇದೇ ಮೋಟರನ್ನು ನೋಂದಣಿ ಇಲ್ಲದ ತೋಟದವರು ಕೊಂಡಿದ್ದರೆ ಅವರಿಗೆ ಪೂರ್ತಿ 8,395 ಖರ್ಚೇ.

ಇಷ್ಟು ಲೆಕ್ಕ ಸರಿಹೋದರೂ ಇನ್ನೊಂದು ತೊಡಕು ಉಳಿಯುತ್ತದೆ. ಯಂತ್ರ ಕೊಡುವ ಬ್ಯಾಂಕಿನ ವ್ಯಾಪಾರಿ ಒಪ್ಪಂದದಲ್ಲಿ, ಕಾರ್ಡಿನಲ್ಲಿ ಕೊಡುವವರಿಂದ ಹೆಚ್ಚುವರಿ ವಸೂಲು ಮಾಡಬಾರದು ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇವರದರಲ್ಲೂ ಇತ್ತು. ಡೆಬಿಟ್ ಕಾರ್ಡಿನ ವಿಷಯದಲ್ಲಂತೂ 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲೇ ರಿಸರ್ವ್ ಬ್ಯಾಂಕ್ ಇಂಥ ವಸೂಲಿ ಸಮರ್ಥನೀಯವಲ್ಲ, ಹಾಗೆ ಮಾಡುವ ವ್ಯಾಪಾರಿಯ ಸಂಬಂಧವನ್ನು ಬ್ಯಾಂಕುಗಳು ಕಡಿದುಕೊಳ್ಳಬೇಕು ಎಂದಿದೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿಹಾಕುವುದು ಒಪ್ಪಂದವೇ. ಗಿರಾಕಿ ತನ್ನ ಬ್ಯಾಂಕಿಗೆ ದೂರು ಕೊಟ್ಟರೆ ಬಿಲ್ಲು 3,30,400, ಚಾರ್ಜ್ ಸ್ಲಿಪ್ಪು 3,37,008. ಅಂಗಡಿಯವರ ಬಳಿ ಇರುವ ಉತ್ತರ ಪೆನ್ನಿನ ಒಂದು ಸಾಲು. ಗಿರಾಕಿ ಒಪ್ಪಿಯೇ ಕೊಟ್ಟದ್ದು ನಿಜ, ಆದರೆ ಒಪ್ಪಂದ ಇರುವುದು ಬ್ಯಾಂಕಿನ ಜೊತೆ.

ಗಿರಾಕಿಗೆ ಬಿದ್ದ ಬಡ್ಡಿ

ಕಾರ್ಡ್ ಯಾಕೆ ಬೇಕಿತ್ತು ಎಂಬುದು ಮಲೆನಾಡಿನಲ್ಲಿ ಕೇಳಬೇಕಾದ ಪ್ರಶ್ನೆಯೇ ಅಲ್ಲ. ಕೊಯ್ಲಿನ ಹೊತ್ತಿಗೆ ಖೇಣಿಯ ಮುಂಗಡ, ಸುಲಿಯುವವರ ಕೂಲಿ, ಸೌದೆ ಎಲ್ಲಕ್ಕೂ ನಗದು ಹೊರಹೋಗುತ್ತದೆ. ಬೇಯಿಸಿದ ಅಡಿಕೆ ಒಣಗಿ, ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡವಾಗಿ ಮಂಡಿಯಲ್ಲಿ ಟೆಂಡರಾಗುವ ತನಕ ದುಡ್ಡು ತಿರುಗಿ ಬರುವುದಿಲ್ಲ. ಓವರ್‌ಡ್ರಾಫ್ಟ್ (ಓಡಿ, ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬ್ಯಾಂಕು ಕೊಡುವ ಸಾಲ) ಮಿತಿ ನವೆಂಬರಿನಲ್ಲೇ ಮುಟ್ಟಿರುತ್ತದೆ. ಉಳಿದ ಸಾಲದ ಬಾಗಿಲು ಕಾರ್ಡೊಂದೇ.

ಆದರೆ ಸ್ವೈಪ್ ಮಾಡಿದ ತಾರೀಕು ಕೆಟ್ಟದಾಗಿತ್ತು. ಆ ಕಾರ್ಡಿನ ಸ್ಟೇಟ್‌ಮೆಂಟ್ ಪ್ರತಿ ತಿಂಗಳು 12ಕ್ಕೆ, ಕಟ್ಟುವ ಗಡುವು ಅಲ್ಲಿಂದ 20 ದಿನ. ನವೆಂಬರ್ 9ರ ಖರೀದಿ ಮೂರೇ ದಿನದಲ್ಲಿ ಸ್ಟೇಟ್‌ಮೆಂಟಿಗೆ ಬಂದು, ಡಿಸೆಂಬರ್ 2ಕ್ಕೆ ಕಟ್ಟಬೇಕಾಯಿತು. ಸಿಕ್ಕಿದ್ದು 23 ದಿನ. ನವೆಂಬರ್ 13ಕ್ಕೆ ಉಜ್ಜಿದ್ದರೆ ಗಡುವು ಜನವರಿ 1, ಅಂದರೆ 49 ದಿನ. ನಾಲ್ಕು ದಿನ ತಡೆದಿದ್ದರೆ ಅದೇ ದುಡ್ಡಿಗೆ ಎರಡರಷ್ಟಕ್ಕೂ ಹೆಚ್ಚು ಅವಧಿ.

ಎರಡು ಪರ್ಸೆಂಟನ್ನು ವಾರ್ಷಿಕ ಬಡ್ಡಿಯಾಗಿ ತಿರುಗಿಸಿ ನೋಡಿದರೆ, 23 ದಿನಕ್ಕೆ 31.7%, 49 ದಿನಕ್ಕೆ 14.9%. ಓವರ್‌ಡ್ರಾಫ್ಟ್ 11% ಎಂದು ಹಿಡಿದರೆ 3,30,400ಕ್ಕೆ 23 ದಿನದ ಬಡ್ಡಿ 2,290 ರೂಪಾಯಿ, 49 ದಿನಕ್ಕೆ 4,879. ಗಿರಾಕಿ ಕೊಟ್ಟದ್ದು 6,608. ಕಾರ್ಡಿನ ರಿವಾರ್ಡ್ ಪಾಯಿಂಟಿನ ಬೆಲೆ ಅರ್ಧ ಪರ್ಸೆಂಟ್ ಎಂದುಕೊಂಡರೆ 1,685 ಕಳೆದು 4,923. ಗಮನಿಸಿ, 49 ದಿನ ಸಿಕ್ಕಿದ್ದರೆ ಕಾರ್ಡೂ ಓಡಿಯೂ ಹೆಚ್ಚುಕಮ್ಮಿ ಒಂದೇ ಆಗುತ್ತಿತ್ತು. ಕಾರ್ಡ್ ದುಬಾರಿಯೋ ಅಲ್ಲವೋ ಎಂಬುದನ್ನು ತೀರ್ಮಾನಿಸುವುದು ದರಕ್ಕಿಂತ ಹೆಚ್ಚಾಗಿ ಕ್ಯಾಲೆಂಡರು.

ಗಡುವು ತಪ್ಪಿದರೆ ಈ ಲೆಕ್ಕವೆಲ್ಲ ಹೊಳೆಗೆ. ತಿಂಗಳಿಗೆ 3.5% ಎಂಬ ದರ ಹಲವು ಕಾರ್ಡುಗಳಲ್ಲಿದೆ. 3,37,008ಕ್ಕೆ ಅದು 11,795, ಮೇಲೆ 18% ಜಿಎಸ್‌ಟಿ ಸೇರಿ 13,918, ಒಂದೇ ತಿಂಗಳಿಗೆ. ಅದೂ ಗಡುವಿನ ದಿನದಿಂದಲ್ಲ, ಖರೀದಿಯ ದಿನದಿಂದ. 'ಧಾರಣೆ ಏರಲಿ, ಆಮೇಲೆ ಬಿಡೋಣ' ಎಂದು ಅಡಿಕೆ ಕಟ್ಟಿಟ್ಟುಕೊಳ್ಳುವ ಅಭ್ಯಾಸವಿದ್ದವರು ಕಾರ್ಡಿನಲ್ಲಿ ಯಂತ್ರೋಪಕರಣ ಕೊಳ್ಳದಿರುವುದು ಕ್ಷೇಮ.

ರಿಪೇರಿ

ಎರಡು ದಾರಿ ಇತ್ತು. ಒಂದು, 5,600 + 1,008ಕ್ಕೆ ಡೆಬಿಟ್ ನೋಟ್ (ಮೊದಲ ಬಿಲ್ಲಿನ ಮೊತ್ತ ಹೆಚ್ಚಿಸುವ ಪತ್ರ) ಕೊಟ್ಟು ರಿಟರ್ನಿನಲ್ಲಿ ತೋರಿಸುವುದು. ಜಿಎಸ್‌ಟಿ ಮಟ್ಟಿಗೆ ಸರಿ, ಗಿರಾಕಿಗೂ 1,008 ಕ್ರೆಡಿಟ್ ಸಿಗುತ್ತದೆ. ಆದರೆ ಒಪ್ಪಂದ ಮುರಿದದ್ದಕ್ಕೆ ಕೈಯಾರೆ ದಾಖಲೆ ಬರೆದುಕೊಟ್ಟಂತೆ. ಇನ್ನೊಂದು, 6,608ನ್ನು ಹಿಂತಿರುಗಿಸುವುದು. ಎರಡನೆಯದನ್ನೇ ಮಾಡಿದರು. ನಮ್ಮ ಅಭಿಪ್ರಾಯದಲ್ಲೂ ಅದೇ ಸರಿ.

ಹಿಂತಿರುಗಿಸುವಾಗ ನಗದು ಕೊಡಬಾರದು. ಕಾರ್ಡಿನಲ್ಲಿ ಬಂದ ದುಡ್ಡನ್ನು ನಗದಾಗಿ ಕೊಟ್ಟರೆ, ಬ್ಯಾಂಕಿನ ಕಣ್ಣಿಗೆ ಅಂಗಡಿ ಕಾರ್ಡ್ ಉಜ್ಜಿ ನಗದು ಕೊಡುವ ದಂಧೆ ಮಾಡಿದಂತೆ ಕಾಣುತ್ತದೆ. ಅದೇ ದಿನ, ಯಂತ್ರದ ಬ್ಯಾಚ್ ಸೆಟಲ್ ಆಗುವ ಮೊದಲೇ ಗೊತ್ತಾಗಿದ್ದರೆ ಇಡೀ ವ್ಯವಹಾರವನ್ನು ವಾಯ್ಡ್ (ರದ್ದು) ಮಾಡಿ ಸರಿಯಾದ ಮೊತ್ತಕ್ಕೆ ಮತ್ತೆ ಉಜ್ಜಬಹುದಿತ್ತು. ಆಮೇಲಾದರೆ ಅದೇ ಕಾರ್ಡಿಗೆ ಭಾಗಶಃ ರಿಫಂಡ್. ಅದಕ್ಕೆ ಚಾರ್ಜ್ ಸ್ಲಿಪ್ಪಿನಲ್ಲಿರುವ 12 ಅಂಕಿಯ ಆರ್‌ಆರ್‌ಎನ್ (ವ್ಯವಹಾರದ ಗುರುತು ಸಂಖ್ಯೆ), ಅಪ್ರೂವಲ್ ಕೋಡ್, ತಾರೀಕು, ಕಾರ್ಡಿನ ಕೊನೆಯ ನಾಲ್ಕು ಅಂಕಿ ಬೇಕು. ಸ್ಲಿಪ್ಪಿನ ಥರ್ಮಲ್ ಕಾಗದ ನಮ್ಮ ಮಳೆಗಾಲದ ಥಂಡಿಯಲ್ಲಿ ಬೇಗ ಮಾಸುತ್ತದೆ, ಫೋಟೊ ಹೊಡೆದಿಡಿ. ರಿಫಂಡ್ ಆದ ಭಾಗದ ಎಂಡಿಆರ್ ವಾಪಸು ಬರುತ್ತದೋ ಇಲ್ಲವೋ ಎಂಬುದು ಒಪ್ಪಂದಕ್ಕೆ ಬಿಟ್ಟದ್ದು. ಇವರಿಗೆ ಬರಲಿಲ್ಲ, 138.77 ಹೋಯಿತು.

ಪುಸ್ತಕದಲ್ಲೂ ಒಂದು ತಪ್ಪಿತ್ತು. ಅಂಗಡಿಯ ಹುಡುಗ ಬ್ಯಾಂಕಿಗೆ ಬಂದ ನಿವ್ವಳ ಮೊತ್ತವನ್ನೇ ಪಾರ್ಟಿಯ ಜಮಾ ಎಂದು ಬರೆದಿದ್ದ. ಹಾಗಾಗಿ ಪೂರ್ತಿ ಕೊಟ್ಟ ಗಿರಾಕಿಯ ಹೆಸರಲ್ಲಿ ಬಾಕಿ ತೋರಿಸುತ್ತಿತ್ತು. ಸರಿಯಾದ ಎಂಟ್ರಿ ಎಂದರೆ, ಪಾರ್ಟಿಗೆ ಉಜ್ಜಿದ ಪೂರ್ತಿ ಮೊತ್ತ ಜಮಾ, ಬ್ಯಾಂಕ್ ಖಾತೆಗೆ ನಿವ್ವಳ ಮೊತ್ತ ಖರ್ಚು (ಡೆಬಿಟ್), ಎಂಡಿಆರ್ ಬ್ಯಾಂಕ್ ಚಾರ್ಜಿಗೆ, ಅದರ ಜಿಎಸ್‌ಟಿ ಇನ್‌ಪುಟ್ ಖಾತೆಗೆ. ಯಂತ್ರದ ಅರ್ಜಿಯಲ್ಲಿ ಜಿಎಸ್‌ಟಿ ನಂಬರ್ ಕೊಟ್ಟಿಲ್ಲದಿದ್ದರೆ ಬ್ಯಾಂಕಿನ ತೆರಿಗೆ ಬಿಲ್ಲು ನಿಮ್ಮ 2ಬಿಯಲ್ಲಿ (ಖರೀದಿಯ ಮೇಲೆ ಸಿಗುವ ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪಟ್ಟಿಯಲ್ಲಿ) ಕಾಣುವುದೇ ಇಲ್ಲ, ಕ್ರೆಡಿಟ್ಟೂ ಇಲ್ಲ. ಇಂಥ ಅಂಗಡಿಗಳಲ್ಲಿ ವರ್ಷಪೂರ್ತಿ ಸದ್ದಿಲ್ಲದೆ ಸೋರುವುದು ಇಲ್ಲೇ. ಮೊದಲು 2ಬಿ ತೆಗೆದು ಬ್ಯಾಂಕಿನ ಹೆಸರು ಹುಡುಕಿ.

ಮುಂದಿನ ಆರ್ಡರಿಗೆ ಮಾಡಿದ್ದು

ಸಾಲ ಬೇಕಾದವರು ಸಾಲದ ಬೆಲೆ ಕೊಡಲಿ ಎಂಬ ಅಂಗಡಿಯವರ ಮಾತಿನಲ್ಲಿ ತಪ್ಪೇನಿಲ್ಲ. ಆ ಬೆಲೆಯನ್ನು ಬಿಲ್ಲಾದ ಮೇಲೆ ಕೆಳಗೆ ಬರೆದದ್ದೇ ತಪ್ಪು. ಅದು ಬಿಲ್ಲಿಗೆ ಮೊದಲೇ, ದರದೊಳಗೇ ಇರಬೇಕು. ಕಾರ್ಡಿಗೆ ಹೆಚ್ಚು ಎನ್ನುವ ಬದಲು ಬ್ಯಾಂಕ್ ವರ್ಗಾವಣೆಗೆ ಕಡಿಮೆ ಎನ್ನುವುದು. ಅದೇ ಸಿಜಿಎಸ್‌ಟಿ ಕಾಯ್ದೆಯ 15(3)(ಎ) ಪ್ರಕಾರ, ಸರಕು ಕೊಡುವ ಮೊದಲು ಅಥವಾ ಕೊಡುವಾಗಲೇ ಕೊಟ್ಟು ಬಿಲ್ಲಿನಲ್ಲಿ ನಮೂದಿಸಿದ ರಿಯಾಯಿತಿಗೆ ಜಿಎಸ್‌ಟಿ ಇಲ್ಲ.

ಎರಡನೆಯ ಆರ್ಡರ್ ಕೇಬಲ್ ಮತ್ತು ಸ್ಟಾರ್ಟರ್‌ಗಳದು. ಅಂಗಡಿಯವರಿಗೆ ಬೇಕಾದ ಮೂಲ ಬೆಲೆ 1,40,000. ಅದನ್ನು 0.97522ರಿಂದ ಭಾಗಿಸಿದರೆ 1,43,557, ದುಂಡಾಗಿ 1,43,500 ಪಟ್ಟಿ ದರ. ಕೊಟೇಶನ್ನಿನಲ್ಲಿ ಹೀಗೆ ಬರೆದರು: 'ದರ 1,43,500 + ಜಿಎಸ್‌ಟಿ. ರವಾನೆಗೆ ಮುನ್ನ ಆರ್‌ಟಿಜಿಎಸ್/ನೆಫ್ಟ್ ಮೂಲಕ ಪೂರ್ತಿ ಪಾವತಿಸಿದಲ್ಲಿ 3,500 ರಿಯಾಯಿತಿ, ಬಿಲ್ಲಿನಲ್ಲೇ ಕಳೆಯಲಾಗುವುದು.' ಇದನ್ನು ಎಲ್ಲ ಗಿರಾಕಿಗಳಿಗೂ ಒಂದೇ ರೀತಿ ಹಾಕಬೇಕು. ಕಾರ್ಡ್ ತೆಗೆದವರ ಮುಖ ನೋಡಿ ದರ ಏರಿಸಿದರೆ ಅದು ಮತ್ತೆ ಸರ್‌ಚಾರ್ಜೇ.

ಕಟ್ಟುವ ರೀತಿ ಬಿಲ್ಲಿಗೆ ಮೊದಲೇ ತೀರ್ಮಾನವಾಗಲೇಬೇಕು. ಸರಕು ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಹೋಗುವ ಗಾಡಿಯಲ್ಲಿ ಬಿಲ್ಲಿಗೆ ಹೊಂದುವ ಇ-ವೇ ಬಿಲ್ (ಸರಕು ಸಾಗಣೆಯ ಜಿಎಸ್‌ಟಿ ಚೀಟಿ) ಇರಬೇಕು. ವಹಿವಾಟು 5 ಕೋಟಿ ದಾಟಿದ ಅಂಗಡಿಯಾದರೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲಿನಲ್ಲಿ ದಾಖಲಾಗುವ ಬಿಲ್ಲು) ಬೇರೆ, ಅದನ್ನು ರದ್ದು ಮಾಡಲು 24 ಗಂಟೆಯಷ್ಟೇ ಅವಕಾಶ. ಪಟ್ಟಿ ದರದಲ್ಲಿ ಬಿಲ್ ಹೊರಟು, ಗಿರಾಕಿ ಆಮೇಲೆ ಮನಸ್ಸು ಬದಲಿಸಿ ನೆಫ್ಟ್ ಮಾಡಿದರೆ ಬಿಲ್ಲಿನ ಮೊತ್ತ ತಗ್ಗಿಸುವ ಕ್ರೆಡಿಟ್ ನೋಟ್, ಗಿರಾಕಿಯ ಕಡೆ ಕ್ರೆಡಿಟ್ ರಿವರ್ಸಲ್, ಇಬ್ಬರ ಲೆಕ್ಕಿಗರಿಗೂ ತಲೆನೋವು.

ಬೇರೆ ದಾರಿಗಳೂ ಚರ್ಚೆಗೆ ಬಂದವು. ಕರೆಂಟ್ ಖಾತೆಯ ಡೆಬಿಟ್ ಕಾರ್ಡ್ ಅಷ್ಟು ದುಬಾರಿಯಲ್ಲ. 2018ರ ಜನವರಿಯಿಂದ, 20 ಲಕ್ಷ ದಾಟಿದ ವಹಿವಾಟಿನ ವ್ಯಾಪಾರಿಗೆ ಯಂತ್ರದಲ್ಲಿ ಉಜ್ಜಿದರೆ ಗರಿಷ್ಠ 0.90%, ಅದೂ ಒಂದು ವ್ಯವಹಾರಕ್ಕೆ 1,000 ರೂಪಾಯಿ ಮೀರಬಾರದು. 2020ರ ಜನವರಿಯಿಂದ ರುಪೇ ಡೆಬಿಟ್ಟಿಗೆ ಸೊನ್ನೆ. ಆದರೆ ಅದರಲ್ಲಿ ಸಾಲದ ಅವಧಿ ಇಲ್ಲ, ದಿನದ ಮಿತಿಯೂ ಅಡ್ಡ ಬರಬಹುದು. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿ ಕ್ಯೂಆರ್‌ಗೆ ಕೊಟ್ಟರೆ ಎಲ್ಲವೂ ಉಚಿತ ಎಂಬ ನಂಬಿಕೆ ಪೇಟೆಯಲ್ಲಿದೆ. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ಮಾತ್ರ ಹಾಗೆ. ಅದರಾಚೆ ಎಂಡಿಆರ್ ಇದ್ದೇ ಇದೆ.

ಗಿರಾಕಿ ಕಾರ್ಡಿನಿಂದ ಯಾವುದೋ ಆ್ಯಪಿಗೆ ಕಟ್ಟಿ, ಅದು ಅಂಗಡಿಯ ಖಾತೆಗೆ ಹಾಕುವ ಉಪಾಯವನ್ನು ಅಂಗಡಿಯವರು ಬೇಡವೆಂದರು, ಸರಿಯಾಗಿಯೇ. ಕಾರ್ಡ್ ಸ್ವೀಕರಿಸದವರಿಗೆ ಮಧ್ಯವರ್ತಿಗಳ ಮೂಲಕ ವ್ಯಾಪಾರಿ ಪಾವತಿ ಮಾಡಿಸುತ್ತಿದ್ದ ಒಂದು ಏರ್ಪಾಡನ್ನು 2024ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ನಿಲ್ಲಿಸಿತು. ಅನುಮತಿ ಇಲ್ಲದ ಪಾವತಿ ವ್ಯವಸ್ಥೆ ಅದು, ದುಡ್ಡು ಸರಿಯಾದ ಖಾತೆಯಲ್ಲಿ ನಿಲ್ಲುತ್ತಿಲ್ಲ, ಕೊಟ್ಟವರಾರು ಪಡೆದವರಾರು ಎಂಬ ವಿವರ ನಿಯಮದಂತೆ ಇಲ್ಲ ಎಂಬುದು ಆಕ್ಷೇಪ. ಸರಕಿನ ದುಡ್ಡನ್ನು ಬಾಡಿಗೆ ಎಂದು ತೋರಿಸಿ ಕಳಿಸುವುದಂತೂ ಇಬ್ಬರ ಪುಸ್ತಕಕ್ಕೂ ಸುಳ್ಳು ಸೇರಿಸಿದಂತೆ.

ಉದ್ರಿಯ ಕಡೆಯಿಂದಲೂ ಅಂಗಡಿಯವರು ಒಮ್ಮೆ ಲೆಕ್ಕ ನೋಡಿದರು. ಮೊದಲ ಬಿಲ್ಲನ್ನು ಅರವತ್ತು ದಿನ ಉದ್ರಿ ಬಿಟ್ಟಿದ್ದರೆ 11%ರಂತೆ ತಮ್ಮದೇ ಓಡಿ ಬಡ್ಡಿ 5,974. ಕಾರ್ಡಿನ 6,938ಕ್ಕೂ ಅದಕ್ಕೂ ಇರುವ ಅಂತರ ಸಾವಿರಕ್ಕಿಂತ ಕಡಿಮೆ, ವಸೂಲಿಗೆ ಓಡಾಡುವ ಕೆಲಸ ಬೇರೆ ಇಲ್ಲ. ಎಲ್ಲ ಕಾರ್ಡನ್ನೂ ಬೇಡವೆನ್ನುವುದೂ ಜಾಣತನವಲ್ಲ. ಗಡುವಿಗೆ ಕೊಡದ ಪಾರ್ಟಿಯಾದರೆ ಎಂಡಿಆರ್ ತಾವೇ ಹೊತ್ತುಕೊಂಡರೂ ನಷ್ಟವಿಲ್ಲ ಎಂದು ಅಂಥ ನಾಲ್ಕಾರು ಹೆಸರುಗಳನ್ನು ಬೇರೆ ಗುರುತು ಹಾಕಿಕೊಂಡರು.

ಎರಡನೆಯ ಆರ್ಡರಿನಲ್ಲಿ ಗಿರಾಕಿಯ ಮುಂದೆ ಇದ್ದ ಆಯ್ಕೆ ಇಷ್ಟು: ಕಾರ್ಡಾದರೆ 3,500 ಹೆಚ್ಚು, 49 ದಿನ ಸಿಕ್ಕರೂ. ಓಡಿಯಿಂದ ತೆಗೆದರೆ 1,65,200ಕ್ಕೆ ಅಷ್ಟು ದಿನದ ಬಡ್ಡಿ ಸುಮಾರು 2,440. ಅಷ್ಟರಲ್ಲಿ ಅಡಿಕೆಯ ಮೊದಲ ಲಾಟು ಮಂಡಿಯಲ್ಲಿ ಮಾರಾಟವಾಗಿ ಓಡಿಯಲ್ಲಿ ಜಾಗವಾಗಿತ್ತು. 2 ಲಕ್ಷಕ್ಕಿಂತ ಕಡಿಮೆ ಇರುವುದರಿಂದ ಆರ್‌ಟಿಜಿಎಸ್ ಆಗುವುದಿಲ್ಲ. ನೆಫ್ಟ್ ಮಾಡಿದರು. ಶಾಖೆಯಲ್ಲಿ ಚೀಟಿ ಬರೆದು ಕೊಟ್ಟದ್ದಕ್ಕೆ ಶುಲ್ಕ 14.50, ತೆರಿಗೆ ಸೇರಿ 17 ರೂಪಾಯಿ 11 ಪೈಸೆ. ಬಿಲ್ಲು 1,40,000 + 25,200ಕ್ಕೆ ಹೋಯಿತು, ರಿಯಾಯಿತಿಯ ಸಾಲು ಅಚ್ಚಾಗಿಯೇ ಬಂತು.